ಮನೆಯಿದೆ, ಊರಿಲ್ಲ!

ಹೊಸದುರ್ಗದಿಂದ ಹೊಳಲ್ಕೆರೆಗೆ, ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವವರಿಗೆ ಗೊಲ್ಲರಹಟ್ಟಿ, ಲಂಬಾಣಿ ತಾಂಡಾಗಳು ಹೊಸತಲ್ಲ. ಅಲ್ಲಿ ಮನೆಗಳಿವೆ, ಗುಡಿಯಿದೆ, ಮತದಾರರಿದ್ದಾರೆ. ಆದರೆ ರಾಜ್ಯದ ಇಂಥ ಎಷ್ಟೋ ಜನವಸತಿಗಳು ಕಂದಾಯ ಇಲಾಖೆಯ ಕಡತದಲ್ಲಿ ಬಹುಕಾಲ ಊರುಗಳೇ ಆಗಿರಲಿಲ್ಲ.

ಸೂರಿಲ್ಲದವರು ಮಾತ್ರ ವಸತಿಹೀನರೇ? ಅಜ್ಜ ಕಟ್ಟಿದ ಮನೆಯ ನೆಲ ಬೇರೊಬ್ಬರ ಪಹಣಿಯಲ್ಲಿದ್ದರೆ, 'ಜಾಗ ಬಿಡಿ' ಎಂಬ ಒಂದು ಮಾತಿಗೆ ಆ ಸೂರು ನಡುಗುತ್ತದೆ. ಅಂಥ ಮನೆಯ ಆಧಾರದ ಮೇಲೆ ಬ್ಯಾಂಕು ಸಾಲ ಕೊಡದು. ನಿವೇಶನದ ದಾಖಲೆಯಿಲ್ಲದಿದ್ದರೆ ಸರ್ಕಾರದ ವಸತಿ ನೆರವಿಗೂ ತೊಡಕು.

ರಾಜ್ಯ ಸರ್ಕಾರ 1991-92ರಲ್ಲಿ ಆಶ್ರಯ ಯೋಜನೆ ತಂದಿತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಗೋಡೆಗೆ, ಚಾವಣಿಗೆ ಹಣ ಬಂತು. ಆದರೆ ಖಾಸಗಿ ಜಮೀನಿನಲ್ಲಿದ್ದ ಹಟ್ಟಿ, ತಾಂಡಾಗಳ ನೆಲದ ಪ್ರಶ್ನೆ ಹಾಗೇ ಉಳಿಯಿತು.

ಅದಕ್ಕೆ ಉತ್ತರವಾಗಿ ಬಂದದ್ದು ಭೂಸುಧಾರಣಾ ಕಾಯಿದೆಯ ತಿದ್ದುಪಡಿ. 2017ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ದಾಖಲೆಯಿಲ್ಲದ ಜನವಸತಿಗಳಲ್ಲಿ ವಾಸಿಸುವವರಿಗೇ ಮನೆಯ ಹಕ್ಕು ಕೊಡಲು, ಆ ವಸತಿಗಳನ್ನು ಕಂದಾಯ ಗ್ರಾಮಗಳಾಗಿಸಲು ಇದರಿಂದ ದಾರಿಯಾಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದ ಸಮಾರಂಭದಲ್ಲಿ 50,000ಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ನೀಡಲಾಯಿತು.

ಕಾನೂನು ವಿಧಾನಸೌಧದಲ್ಲಿ ಹುಟ್ಟಿದರೂ ಅದು ಬದುಕುವುದು ತಾಲ್ಲೂಕು ಕಚೇರಿಯ ಕಡತದಲ್ಲಿ. ಆದ್ದರಿಂದ ವಿದ್ಯಾರ್ಥಿಗಳಿಗೊಂದು ಮನೆಗೆಲಸ: ಈ ಭಾನುವಾರ ಮನೆಯ ಟ್ರಂಕು ತೆಗೆಯಿಸಿ, ಹಕ್ಕುಪತ್ರವಿದ್ದರೆ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ. ಹೆಸರು, ಸರ್ವೆ ನಂಬರು, ಚಕ್ಕುಬಂದಿ ಸರಿಯಿವೆಯೇ ನೋಡಿ. ತಪ್ಪಿದ್ದರೆ ಅರ್ಜಿಯನ್ನೂ ನೀವೇ ಬರೆದುಕೊಡಿ. ಪಾಲಕರೇ, ಆ ಒಂದು ಹಾಳೆಯನ್ನು ಮಕ್ಕಳ ಅಂಕಪಟ್ಟಿಯಷ್ಟೇ ಜೋಪಾನವಾಗಿಡಿ.