ನಿಧಾನ ಎಂಬ ಸುಲಭದ ಮಾತು

ಉತ್ತರ ಯುರೋಪಿನ ಕಾಲುವೆಗಳಲ್ಲಿ ದೋಣಿಯೇರಿ ಹೋಗಿಬಂದವರ ಬರಹಗಳಲ್ಲಿ ಒಂದು ಪದ ತಪ್ಪದೆ ಎದುರಾಗುತ್ತದೆ: ನಿಧಾನ. ಓಟದ ಬದುಕಿನಿಂದ ಬಿಡುಗಡೆ, ದಡದಲ್ಲಿ ಮೇಯುವ ಹಸು, ಕೆಂಪು ಮನೆ, ಮೌನ. ನಾನು ಆ ಕಾಲುವೆಗಳನ್ನು ಕಂಡವನಲ್ಲ. ಪ್ರವಾಸ ಸಾಹಿತ್ಯ ಓದುವುದು ನನ್ನ ಸಂಶೋಧನೆಯ ಕೆಲಸ. ಓದುಗನಾಗಿಯೇ ಈ ನಿಧಾನದ ಬಗ್ಗೆ ನನಗೊಂದು ತಕರಾರಿದೆ.

ಸ್ವೀಡನ್ನಿನ ಗೋಟಾ ಕಾಲುವೆಯನ್ನೇ ನೋಡಿ. ಅಲ್ಲಿ ದೋಣಿಗಳ ವೇಗದ ಮಿತಿ 5 ನಾಟ್, ಅಂದರೆ ಗಂಟೆಗೆ ಸುಮಾರು 9 ಕಿಲೋಮೀಟರ್. ಇದು ಯಾವ ದಾರ್ಶನಿಕನೂ ಮಾಡಿದ ನಿಯಮವಲ್ಲ. ಜೋರಾಗಿ ಹೋದರೆ ಅಲೆಯೆದ್ದು ದಡ ಕೊರೆಯುತ್ತದೆ, ಮಣ್ಣು ಕುಸಿಯುತ್ತದೆ. ನಮ್ಮ ಲೇಖಕರು ಧ್ಯಾನವೆಂದು ಬಣ್ಣಿಸುವುದು ದಡ ಉಳಿಸಿಕೊಳ್ಳುವ ಲೆಕ್ಕಾಚಾರ. ಹಾಗಾದರೆ ಆ ದಡವನ್ನು ಕಡಿದವರು ಯಾರು?

1810ರಿಂದ 1832ರವರೆಗೆ ಸುಮಾರು 58,000 ಸೈನಿಕರು ಅಲ್ಲಿ ದುಡಿದರು. ದಿನಕ್ಕೆ ಹನ್ನೆರಡು ಗಂಟೆ ಕೆಲಸ. ಕೈಯಲ್ಲಿ ಕಬ್ಬಿಣದ ಅಂಚು ಕಟ್ಟಿದ ಮರದ ಸಲಿಕೆ. 190 ಕಿಲೋಮೀಟರ್ ಜಲಮಾರ್ಗದಲ್ಲಿ 87 ಕಿಲೋಮೀಟರ್ ತೋಡಿದ್ದು, ಉಳಿದದ್ದು ಸರೋವರಗಳು. ಯೋಜನೆಯ ಮುಂದಾಳು ಬಾಲ್ಟ್ಸರ್ ವಾನ್ ಪ್ಲಾಟೆನ್ ಕೆಲಸ ಮುಗಿಯುವ ಮೊದಲೇ, 1829ರಲ್ಲಿ ತೀರಿಕೊಂಡ. ಅವನ ಸಮಾಧಿ ಮೋಟಾಲಾದಲ್ಲಿ ಕಾಲುವೆಯ ಪಕ್ಕದಲ್ಲೇ ಇದೆ. ಪ್ರವಾಸಕಥನಗಳು ಅವನ ಹೆಸರನ್ನಾದರೂ ಹೇಳುತ್ತವೆ. ಸೈನಿಕರು ಮಾತ್ರ ಒಂದು ಸಂಖ್ಯೆಯಾಗಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತಾರೆ. ಈಗ ನಾನೂ ಅದನ್ನೇ ಮಾಡಿದೆ.

ಮೌನದ ಕಥೆಯೂ ಹೀಗೆಯೇ. ಡೆನ್ಮಾರ್ಕಿಗೆ ಓರೆಸುಂಡ್ ಜಲಸಂಧಿಯ ಸುಂಕ ಕಟ್ಟದೆ ಸರಕು ಸಾಗಿಸಬೇಕೆಂಬುದು ಈ ಕಾಲುವೆಯ ಹಿಂದಿದ್ದ ಒಂದು ಮುಖ್ಯ ಆಸೆ. ಆದರೆ 1857ರಲ್ಲಿ ಆ ಸುಂಕವೇ ರದ್ದಾಯಿತು. 1862ರಲ್ಲಿ ಸ್ಟಾಕ್‌ಹೋಮ್ ಮತ್ತು ಗೋಥೆನ್‌ಬರ್ಗ್ ನಡುವೆ ರೈಲು ಬಂತು. ಸರಕು ಮೆಲ್ಲಗೆ ಹಳಿಯ ಕಡೆಗೆ ಹೊರಳಿತು. ಇಂದಿನ ಪ್ರವಾಸಿ ಸವಿಯುವ ಮೌನ ಸಂತೆ ಎದ್ದುಹೋದ ಬಯಲಿನ ಮೌನ.

ಈ ಕುರುಡು ಇಂದಿನದಲ್ಲ. ಹೆಣ್ಣಿನ ಹಕ್ಕುಗಳ ಬಗ್ಗೆ 1792ರಲ್ಲೇ ಬರೆದಿದ್ದ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ 1795ರಲ್ಲಿ ಸ್ವೀಡನ್ನಿಗೆ ಹೋದಳು. ಟ್ರೋಲ್‌ಹೆಟ್ಟನ್ ಜಲಪಾತದ ಬಳಿ ಆಗಿನ್ನೂ ಇನ್ನೊಂದು ಕಾಲುವೆಯ ಕೆಲಸ ನಡೆಯುತ್ತಿತ್ತು. ಬಂಡೆ ಒಡೆಯುವ ಜನರನ್ನು ಆಕೆ ಕಂಡಳು. ಮರುವರ್ಷ ಪ್ರಕಟವಾದ ತನ್ನ ಪತ್ರಗಳಲ್ಲಿ, ಅಂಥ ತಾಣವನ್ನು ಅದರ ಏಕಾಂತಕ್ಕೇ ಬಿಡಬಹುದಿತ್ತೆಂದು ಹಳಹಳಿಸಿದಳು. ಅಷ್ಟು ನಿಷ್ಠುರ ಕಣ್ಣಿಗೂ ದುಡಿಮೆ ನೋಟಕ್ಕೆ ಅಡ್ಡ ಬಂದಂತೆ ಕಂಡಿತು! ಆದರೂ ಆಕೆ ಕಂಡದ್ದನ್ನು ಮುಚ್ಚಿಡಲಿಲ್ಲ. ನಾವಾದರೋ ಅಡ್ಡ ಬಂದದ್ದನ್ನು ಚಿತ್ರದಿಂದಲೇ ಕತ್ತರಿಸಿಬಿಡುತ್ತೇವೆ.

‘ರಜೆಗೆ ಹೋದವರಿಗೂ ಪಾಪಪ್ರಜ್ಞೆ ಹೊರಿಸಬೇಕೇ?’ ಎಂದು ಕೇಳಬಹುದು. ಬೇಡ. ಪ್ರವಾಸಿಗಳಿಲ್ಲದಿದ್ದರೆ ಆ ಕಾಲುವೆ ಹೂಳು ತುಂಬಿ ಮುಚ್ಚಿಹೋಗುತ್ತಿತ್ತೇನೋ. 1874ರಲ್ಲಿ ಕಟ್ಟಿದ ಯೂನೋ ಹಡಗು ಇಂದಿಗೂ ಜನರನ್ನು ಹೊತ್ತು ತೇಲುತ್ತಿರುವುದು ಸಂತೋಷದ ಸಂಗತಿಯೇ. ಹೋಗುವವರು ಹೋಗಲಿ, ಸುಖಪಡಲಿ. ನನ್ನ ಜಗಳ ಬರೆಯುವವರೊಂದಿಗೆ. ಸುಖವನ್ನಷ್ಟೇ ಬರೆದರೆ ಅದು ಟಿಕೆಟ್ ಮಾರುವವರ ಕರಪತ್ರ. ಅದಕ್ಕೆ ಸಾಹಿತ್ಯದ ಹೆಸರೇಕೆ?

ಬೆರ್ಗ್ ಎಂಬಲ್ಲಿ ಏಳು ಲಾಕ್‌ಗಳು ಮೆಟ್ಟಿಲುಗಳಂತೆ ಸಾಲಾಗಿವೆ. ದೋಣಿ ಕಲ್ಲಿನ ತೊಟ್ಟಿಯೊಳಗೆ ಹೋಗುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ನೀರು ತುಂಬಿ ದೋಣಿ ಮೇಲೇಳುತ್ತದೆ. ಹೀಗೆ ಏಳು ಸಲ, 18 ಮೀಟರಿಗೂ ಹೆಚ್ಚು ಏರು. ತೊಟ್ಟಿಯ ತಳದಲ್ಲಿರುವಾಗ ಹಸುವೂ ಇಲ್ಲ, ಕೆಂಪು ಮನೆಯೂ ಇಲ್ಲ. ಕಣ್ಣೆದುರು ಒದ್ದೆ ಕಲ್ಲಿನ ಗೋಡೆಯೊಂದೇ. ಕಥನಗಳು ಆ ಹೊತ್ತನ್ನು ‘ಕಾಯುವಿಕೆ’ ಎಂದು ದಾಟಿಬಿಡುತ್ತವೆ. ನನಗೆ ಓದಬೇಕಿರುವುದು ಆ ಗೋಡೆಯ ಬಗ್ಗೆ.