ವಿಳಾಸ ಸರಿಯಿದ್ದರೆ ಸಾಕೇ?

ಅಮೆರಿಕದಲ್ಲಿ ಸಾಮಾನ್ಯ ನಾಗರಿಕನೊಬ್ಬ ತನ್ನ ರೈಫಲನ್ನು ಮಾರಿ, ಅದನ್ನು ಅಂಚೆ ಕಚೇರಿಯ ಮೂಲಕವೇ ಕೊಂಡವನಿಗೆ ಕಳುಹಿಸಬಹುದು. ಹಾಸ್ಟೆಲ್‌ನಲ್ಲಿ ಈ ವಿಷಯ ಹೇಳಿದಾಗ ಗೆಳೆಯರು ನಂಬಲಿಲ್ಲ. ಆದರೆ ಅಲ್ಲಿನ ಕೇಂದ್ರ ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ. ಮುಖ್ಯ ಷರತ್ತು ಒಂದೇ: ಕಳುಹಿಸುವವರು ಮತ್ತು ಪಡೆಯುವವರು ಒಂದೇ ರಾಜ್ಯದ ನಿವಾಸಿಗಳಾಗಿರಬೇಕು. ರೈಫಲ್‌ನಲ್ಲಿ ಗುಂಡು ಇರಬಾರದು. ಗುಂಡುಗಳನ್ನಂತೂ ಅಂಚೆಯಲ್ಲಿ ಕಳುಹಿಸುವಂತೆಯೇ ಇಲ್ಲ. ಒಳಗೇನಿದೆ ಎಂಬ ಸುಳಿವು ಪಾರ್ಸೆಲ್ ಮೇಲೆ ಬೇಡ, ರಿಜಿಸ್ಟರ್ಡ್ ಅಂಚೆಯೇ ಒಳ್ಳೆಯದು ಎಂಬುದು ಅಲ್ಲಿನ ಸಲಹೆ.

ಒಂದೇ ರಾಜ್ಯ ಎಂಬ ಷರತ್ತು ಏಕೆ ಬಂತು? 1963ರಲ್ಲಿ ಲೀ ಹಾರ್ವಿ ಆಸ್ವಾಲ್ಡ್ ಪತ್ರಿಕೆಯ ಜಾಹೀರಾತು ನೋಡಿ, ಕೂಪನ್ ತುಂಬಿ, ಶಿಕಾಗೊದ ಅಂಗಡಿಯಿಂದ ಇಟಲಿಯ ಹಳೆಯ ರೈಫಲ್ ತರಿಸಿಕೊಂಡ. ಕೊಟ್ಟ ಹೆಸರು ‘ಎ. ಹಿಡೆಲ್’. ವಿಳಾಸ ಡಲ್ಲಾಸ್‌ನ ಒಂದು ಅಂಚೆ ಪೆಟ್ಟಿಗೆ. ಅದೇ ವರ್ಷ ನವೆಂಬರ್ 22ರಂದು ಅಧ್ಯಕ್ಷ ಕೆನಡಿ ಹತ್ಯೆಯಾಯಿತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಹತ್ಯೆಗಳೂ ನಡೆದ ಮೇಲೆ ಬಂದೂಕು ನಿಯಂತ್ರಣ ಕಾಯ್ದೆ ಜಾರಿಗೆ ಬಂತು. ಅಂದಿನಿಂದ ರಾಜ್ಯದ ಗಡಿ ದಾಟಿ ಮಾರುವ ಬಂದೂಕು, ಪಡೆಯುವವರ ರಾಜ್ಯದ ಲೈಸೆನ್ಸ್ ಇರುವ ವ್ಯಾಪಾರಿಯ ಕೈಗೇ ಮೊದಲು ಹೋಗಬೇಕು. ರಾಜ್ಯದೊಳಗಿನ ಖಾಸಗಿ ಮಾರಾಟವನ್ನು ಆಯಾ ರಾಜ್ಯಕ್ಕೇ ಬಿಡಲಾಯಿತು.

ಇದರ ಪರಿಣಾಮ ನೋಡಿ. ಟೆಕ್ಸಾಸ್‌ನ ಪಶ್ಚಿಮ ತುದಿಯ ಎಲ್ ಪಾಸೊದಿಂದ ಪೂರ್ವದ ಬ್ಯೂಮಾಂಟ್‌ಗೆ 1,300 ಕಿ.ಮೀ.ಗಿಂತ ಹೆಚ್ಚು ದೂರ. ಅಷ್ಟು ದೂರಕ್ಕೆ ರೈಫಲ್ ನೇರವಾಗಿ ಅಂಚೆಯಲ್ಲಿ ಹೋಗಬಹುದು. ಅದೇ ಟೆಕ್ಸರ್ಕಾನಾ ಎಂಬ ಊರಿನಲ್ಲಿ ಟೆಕ್ಸಾಸ್ ಮತ್ತು ಅರ್ಕಾನ್ಸಾ ರಾಜ್ಯಗಳ ಗಡಿ ರಸ್ತೆಯ ನಡುವೆಯೇ ಹಾದುಹೋಗುತ್ತದೆ. ಅಲ್ಲಿನ ಅಂಚೆ ಕಚೇರಿಯ ಕಟ್ಟಡವೇ ಎರಡೂ ರಾಜ್ಯಗಳಲ್ಲಿ ಕಾಲಿಟ್ಟು ನಿಂತಿದೆ. ಆದರೆ ಎದುರು ಬದಿಯ ಮನೆಯವರಿಗೆ ಮಾರಬೇಕಾದರೆ ವ್ಯಾಪಾರಿಯ ಮೂಲಕವೇ ಹೋಗಬೇಕು.

ನನ್ನ ತಕರಾರು ಗಡಿಯ ಬಗ್ಗೆ ಅಲ್ಲ. ಗಡಿಯೊಳಗೆ ಕೇಳದೇ ಉಳಿದ ಪ್ರಶ್ನೆಯ ಬಗ್ಗೆ. ಲೈಸೆನ್ಸ್ ಇರುವ ವ್ಯಾಪಾರಿಯಲ್ಲಿ ಕೊಂಡರೆ ಕೊಳ್ಳುವವರ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. 1998ರಿಂದ ಅದಕ್ಕೆ ರಾಷ್ಟ್ರೀಯ ವ್ಯವಸ್ಥೆಯೇ ಇದೆ. ಖಾಸಗಿ ಮಾರಾಟಕ್ಕೆ ಕೇಂದ್ರ ಕಾನೂನು ಹೇಳುವುದು ಇಷ್ಟೇ: ಆ ವ್ಯಕ್ತಿ ಬಂದೂಕು ಹೊಂದಲು ಅನರ್ಹ ಎಂದು ಗೊತ್ತಿದ್ದರೆ, ಅಥವಾ ಹಾಗೆ ನಂಬಲು ಕಾರಣವಿದ್ದರೆ ಮಾರಬೇಡಿ. ವಿಚಾರಿಸಲೇಬೇಕು ಎಂದಿಲ್ಲ. ಅಂದರೆ ವಿಚಾರಿಸದೇ ಮಾರುವವರಿಗೇ ಕಷ್ಟ ಕಡಿಮೆ! ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಖಾಸಗಿ ಮಾರಾಟವೂ ವ್ಯಾಪಾರಿಯ ಮೂಲಕವೇ ಆಗಬೇಕೆಂದು ಈ ಕಂಡಿ ಮುಚ್ಚಿವೆ. ಎಲ್ಲ ರಾಜ್ಯಗಳೂ ಮುಚ್ಚಿಲ್ಲ.

ಇದಕ್ಕೆ ವಿರೋಧವೂ ಇದೆ. ಹಳ್ಳಿಗಾಡಿನ ರೈತರೊಬ್ಬರು ಅಜ್ಜನ ಕಾಲದ ಬೇಟೆ ಬಂದೂಕನ್ನು ಪರಿಚಯದವರಿಗೆ ಕೊಡಲು ದೂರದ ಪೇಟೆಯ ವ್ಯಾಪಾರಿಯನ್ನು ಹುಡುಕಿಕೊಂಡು ಏಕೆ ಹೋಗಬೇಕು? ತೊಂದರೆ ನಿಜ. ಆದರೆ ಪೇಟೆಗೆ ಒಮ್ಮೆ ಹೋಗಿಬರುವ ತೊಂದರೆಯನ್ನೂ, ತಪ್ಪು ಕೈಗೆ ಸೇರಿದ ರೈಫಲನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಬೇರೆ ದಾರಿ ಹಿಡಿದಿದೆ. ಲೈಸೆನ್ಸ್ ಇರುವವರು ತಮ್ಮ ಬಂದೂಕು ಮಾರುವ ಮೊದಲು ಕೊಳ್ಳುವವರ ಹೆಸರು, ವಿಳಾಸವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಬರೆದು ತಿಳಿಸಬೇಕು. ಆಮೇಲೆ ಕನಿಷ್ಠ 45 ದಿನ ಕಾಯಬೇಕು. ನಮ್ಮ ವ್ಯವಸ್ಥೆ ಪರಿಪೂರ್ಣ ಎನ್ನಲಾರೆ. ನಾಡ ಬಂದೂಕುಗಳು ಸಿಕ್ಕಿಬಿದ್ದ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವೆ. ಆದರೂ ‘ಯಾರ ಕೈಗೆ?’ ಎಂಬ ಪ್ರಶ್ನೆಯನ್ನು ಕಾನೂನು ಮಾರಾಟಕ್ಕೆ ಮೊದಲೇ ಕೇಳುತ್ತದೆ. ಅದು ಸರಿಯಾದ ಜಾಗ.

ಬಿಇ ಓದುವ ನಮಗೆ ಇದರಲ್ಲಿ ಪಾಠವಿದೆ. ಪ್ರೋಗ್ರಾಂ ಬರೆಯುವಾಗ, ಒಳಗೆ ಬರುವ ಮಾಹಿತಿಯನ್ನು ಮೊದಲು ಪರೀಕ್ಷಿಸಿ ಎಂದು ಲ್ಯಾಬ್‌ನಲ್ಲಿ ಹೇಳಿಕೊಡುತ್ತಾರೆ. 1963ರ ಆ ಕೂಪನ್‌ನಲ್ಲಿ ಖಾನೆಗಳೆಲ್ಲ ತುಂಬಿದ್ದವು, ಹಣವೂ ಸಂದಾಯವಾಗಿತ್ತು, ಪಾರ್ಸೆಲ್ ವಿಳಾಸಕ್ಕೆ ತಲುಪಿತ್ತು. ಸುಳ್ಳಾಗಿದ್ದದ್ದು ಹೆಸರು ಮಾತ್ರ. ನಾಳೆ ಕೆಲಸಕ್ಕೆ ಸೇರಿ ಔಷಧಿ, ಸಿಮ್ ಕಾರ್ಡ್, ಸಾಲದ ಆ್ಯಪ್‌ಗಳಿಗೆ ಕೋಡ್ ಬರೆಯುವವರು ನಾವೇ. ಒಟಿಪಿ ಬಂದರೆ ಮೊಬೈಲ್ ಯಾರ ಕೈಯಲ್ಲೋ ಇದೆ ಎಂದಷ್ಟೇ ಗೊತ್ತಾಗುತ್ತದೆ, ಆ ಕೈ ಯಾರದೆಂದು ಗೊತ್ತಾಗುವುದಿಲ್ಲ. ಗ್ರಾಹಕರಿಗೆ ಕಿರಿಕಿರಿ ಎಂದು ಪರಿಶೀಲನೆಯ ಒಂದು ಹಂತವನ್ನು ಕೈಬಿಡಲು ಯಾರಾದರೂ ಹೇಳಿದರೆ, ಆ ಹಂತ ಅಲ್ಲಿ ಏಕಿದೆ ಎಂದು ಕೇಳುವ ಧೈರ್ಯವನ್ನಾದರೂ ನಾವು ಬೆಳೆಸಿಕೊಳ್ಳೋಣ.