ಹೊಸ ಕಿಟಕಿ ಎಷ್ಟು ತೆರೆಯುತ್ತದೆ?

ಮಳೆಗಾಲದಲ್ಲಿ ಉಬ್ಬಿ ಮುಚ್ಚಲು ಬಾರದ, ಚೌಕಟ್ಟಿಗೆ ಗೆದ್ದಲು ಹಿಡಿದ ಹಳೆಯ ಮರದ ಕಿಟಕಿಯನ್ನು ಕಿತ್ತು ಹೊಸದು ಕೂರಿಸುವ ಯೋಚನೆ ನಿಮಗೂ ಇರಬಹುದು. ಹಾರನಹಳ್ಳಿಯಲ್ಲಾಗಲಿ, ಪಿರಿಯಾಪಟ್ಟಣ, ಹುಣಸೂರಿನಲ್ಲಾಗಲಿ ಮನೆ ರಿಪೇರಿಗೆ ಕೈ ಹಾಕಿದವರು ಈಗ ಅಲ್ಯೂಮಿನಿಯಂ ಇಲ್ಲವೇ ಯುಪಿವಿಸಿಯ ಜಾರುವ ಕಿಟಕಿಯನ್ನೇ ವಿಚಾರಿಸುತ್ತಾರೆ. ಗಾಜಿನ ಬಣ್ಣ, ಗ್ರಿಲ್ಲಿನ ಡಿಸೈನು, ಚದರ ಅಡಿಯ ದರ ಎಲ್ಲವೂ ಚರ್ಚೆಯಾಗುತ್ತದೆ. ಆದರೆ ಈ ಕಿಟಕಿ ಎಷ್ಟು ತೆರೆಯುತ್ತದೆ, ಅದನ್ನು ತೆರೆದೇ ಇಟ್ಟುಕೊಂಡು ಮನೆಯ ಹೆಂಗಸರು ನೆಮ್ಮದಿಯಿಂದ ಇರಬಹುದೇ ಎಂದು ಕೇಳುವವರು ಕಡಿಮೆ. ನನ್ನ ಪ್ರಕಾರ ದರಕ್ಕಿಂತ ಮೊದಲು ಕೇಳಬೇಕಾದದ್ದು ಇವೆರಡನ್ನೇ.

ಒಂದು ಸಣ್ಣ ಲೆಕ್ಕ ನೋಡಿ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆಯ ನೆಲ 120 ಚದರ ಅಡಿ. ಅದರ ಹತ್ತನೇ ಒಂದು ಭಾಗದಷ್ಟಾದರೂ ಗಾಳಿಯಾಡುವ ತೆರಪು ಇರಬೇಕು ಎಂಬುದು ಕಟ್ಟಡದವರ ಲೆಕ್ಕ. ತೇವ ಹೆಚ್ಚಿರುವ ಕಡೆ ಇನ್ನೂ ಹೆಚ್ಚು ಬೇಕು. ನಾಲ್ಕಡಿ ಅಗಲ, ಮೂರಡಿ ಎತ್ತರದ ಕಿಟಕಿ ಕೊಟ್ಟರೆ ಸರಿಯಾಗಿ 12 ಚದರ ಅಡಿ ಆಯಿತು. ಆದರೆ ಜಾರುವ ಕಿಟಕಿಯಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ಸರಿದು ನಿಲ್ಲುವುದರಿಂದ ತೆರೆಯುವುದು ಅರ್ಧ ಮಾತ್ರ, 6 ಚದರ ಅಡಿ. ಸೊಳ್ಳೆ ಜಾಲರಿ ಸೇರಿದರೆ ಗಾಳಿ ಇನ್ನಷ್ಟು ತಗ್ಗುತ್ತದೆ. ಇಡೀ ಕಿಟಕಿಗೆ ಹಣ ಕೊಟ್ಟು ಅರ್ಧ ಕಿಟಕಿ ತಂದ ಹಾಗೆ. ಹಿಂಜಿನ ಮೇಲೆ ತಿರುಗುವ ಬಾಗಿಲಿನ ಕಿಟಕಿ ಪೂರ್ತಿ ತೆರೆಯುತ್ತದೆ. ಅದು ಯುಪಿವಿಸಿಯಲ್ಲೂ ಸಿಗುತ್ತದೆ. (ಓಣಿ ತೀರಾ ಇಕ್ಕಟ್ಟಾಗಿದ್ದರೆ ಹೊರಕ್ಕೆ ತೆರೆದ ಬಾಗಿಲು ದಾರಿಹೋಕರ ತಲೆಗೆ ತಾಗೀತು, ಅದನ್ನೂ ನೋಡಿಕೊಳ್ಳಿ.)

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕು ಇದೆ. ಬೀದಿಯ ಕಡೆಯ ಕಿಟಕಿ ಎಷ್ಟೇ ದೊಡ್ಡದಿರಲಿ, ಹೊರಗಿನವರ ಕಣ್ಣು ಬೀಳುತ್ತದೆ ಎಂದು ಅದಕ್ಕೆ ದಪ್ಪ ಪರದೆ ಎಳೆದುಬಿಡುತ್ತೇವೆ. ಅಲ್ಲಿಗೆ ಕಿಟಕಿ ಗೋಡೆಯಾಯಿತು. ಕನ್ನಡಿಯಂಥ ಗಾಜು ಹಾಕಿಸಿದರೆ ಸಾಕು ಎಂದು ಅಂಗಡಿಯವರು ಹೇಳುತ್ತಾರೆ. ಹಗಲಿನಲ್ಲಿ ಅದು ನಿಜ. ರಾತ್ರಿ ಒಳಗೆ ದೀಪ ಹಚ್ಚಿ ಹೊರಗೆ ಹೋಗಿ ನೋಡಿ, ಒಳಗಿನದೆಲ್ಲ ಕಾಣುತ್ತದೆ. ಅಲ್ಲದೆ ಮರೆ ಬೇಕೆಂದರೆ ಆ ಗಾಜು ಮುಚ್ಚಿಯೇ ಇರಬೇಕು, ಗಾಳಿ ಎಲ್ಲಿಂದ ಬರಬೇಕು?

ನಮ್ಮ ಅಜ್ಜ ಅಜ್ಜಿಯರ ಕಾಲದ ನಾಲ್ಕು ಬಾಗಿಲಿನ ಕಿಟಕಿ ಇದಕ್ಕೆ ಉತ್ತರ ಕಂಡುಕೊಂಡಿತ್ತು. ಕೆಳಗಿನ ಎರಡು ಬಾಗಿಲು ಮುಚ್ಚಿ ಮೇಲಿನ ಎರಡನ್ನು ತೆರೆದಿಟ್ಟರೆ ಮರೆಯೂ ಆಯಿತು, ಗಾಳಿಯೂ ಆಯಿತು. ಚೌಕಟ್ಟು ಗಟ್ಟಿಯಿದ್ದರೆ ಅದನ್ನು ಕೀಳಿಸಲೇಬೇಡಿ, ಆಚಾರರಿಂದ ಬಾಗಿಲು ಮಾತ್ರ ಹೊಸದು ಮಾಡಿಸಿ. ಹೊಸದೇ ಆಗಬೇಕೆಂದರೆ ಕೆಳಗೆ ಮಸುಕು ಗಾಜು, ಮೇಲೆ ಬೇರೆಯಾಗಿ ತೆರೆಯುವ ಭಾಗ ಇರಲಿ. ಬಚ್ಚಲಿಗೆ, ಮೆಟ್ಟಿಲ ಬಳಿಗೆ ಸಿಮೆಂಟಿನ ಜಾಲಿ ಸಾಕು. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲನ್ನೇ ಅರಬ್ಬಿ ಅಕ್ಷರಗಳಾಗಿ ಕೊರೆದ ಕಿಟಕಿಗಳಿವೆ, ಬೆಳಕು ಗಾಳಿ ಅವುಗಳ ನಡುವಿನಿಂದಲೇ ಒಳಗೆ ಬರುತ್ತವೆ. ಕೈರೋ ನಗರದ ಹಳೆಯ ಮನೆಗಳ ಮರದ ಜಾಲಿಗಳೂ ಇದೇ ಕೆಲಸ ಮಾಡುತ್ತಿದ್ದವು. ಪರ್ದಾಕ್ಕಾಗಿ ಉಸಿರು ಕಟ್ಟಿಕೊಂಡು ಕೂರಬೇಕೆಂದು ಯಾರೂ ಹೇಳಿಲ್ಲ.

ಇದೇನು ಬರೀ ಸೆಕೆಯ ಮಾತಲ್ಲ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿದ್ದಾರೆ. ರೋಗಿ ಕೆಮ್ಮಿದಾಗ ಹೊರಬೀಳುವ ಕ್ರಿಮಿ ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತದೆ. ಆ ಕೋಣೆಯಲ್ಲಿ ಹೆಚ್ಚು ಹೊತ್ತು ಇರುವವರು ಹೆಂಗಸರು, ಮಕ್ಕಳು, ಮುದುಕರು. ಗ್ಯಾಸ್ ಬಂದಿದ್ದರೂ ಒಗ್ಗರಣೆಯ ಹೊಗೆ, ರಂಜಾನಿನಲ್ಲಿ ಇಫ್ತಾರಿಗೆ ಕರಿಯುವ ಎಣ್ಣೆಯ ಹೊಗೆ ಹೊರಗೆ ಹೋಗಲೇಬೇಕು. ಮನೆಯೊಳಗೇ ಕೂತು ಹೊಗೆಸೊಪ್ಪು ಬಿಡಿಸಿ ಗ್ರೇಡ್ ಮಾಡುವವರ ಮೂಗಿಗೆ ಹೋಗುವ ಧೂಳನ್ನೂ ಮರೆಯಬೇಡಿ. ಆ ಕೆಲಸದ ಕೋಣೆಗೆ ಎದುರುಬದುರು ಎರಡು ಕಿಟಕಿ ಬೇಕು. ಒಂದೇ ಕಡೆ ಎಷ್ಟು ದೊಡ್ಡದಿದ್ದರೂ ಗಾಳಿ ಒಳಬಂದು ಹೊರಹೋಗುವುದಿಲ್ಲ.

ಎಲ್ಲ ಗೋಡೆಗೂ ಒಂದೇ ಕಿಟಕಿ ಬೇಕಿಲ್ಲ. ಹೊಗೆಸೊಪ್ಪಿನ ಬ್ಯಾರನ್ ಇರುವ ಕಡೆಗೆ ಬಿಗಿಯಾಗಿ ಮುಚ್ಚುವಂಥದ್ದು ಹಾಕಿಸಿ, ಬೇಯಿಸುವ ದಿನಗಳಲ್ಲಿ ಅದನ್ನು ಮುಚ್ಚಿ ಎದುರಿನದನ್ನು ತೆರೆಯಬಹುದು. ಮುಂಗಾರು ಹೊಡೆಯುವ ಪಶ್ಚಿಮಕ್ಕೆ ಮೊದಲು ಸಜ್ಜಾ ಅಗಲ ಮಾಡಿಸಿ, ಆಮೇಲೆ ಕಿಟಕಿಯ ಮಾತು.

ಜಾಲರಿ ಬಿಚ್ಚಿ ತೊಳೆಯುವಂತಿರಲಿ, ಧೂಳು ಕಟ್ಟಿದ ಜಾಲರಿಯಲ್ಲಿ ಗಾಳಿ ನುಸುಳುವುದಿಲ್ಲ. ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುವುದರಿಂದ ಸಂಜೆ ಕಿಟಕಿ ಮುಚ್ಚಿದರಾಯಿತು ಎನ್ನುವಂತಿಲ್ಲ. ಗ್ರಿಲ್ಲುಗಳಲ್ಲಿ ಒಂದಾದರೂ ಒಳಗಿನಿಂದ ತೆರೆಯುವಂತಿರಲಿ, ಬೆಂಕಿ ಬಿದ್ದಾಗ ಹೊರಬರಲು ದಾರಿ ಬೇಕಲ್ಲ. ಅಳತೆ ತೆಗೆಯಲು ಬಂದವರಿಗೆ ಆ ಕೋಣೆಯಲ್ಲಿ ದಿನವಿಡೀ ಇರುವವರೇ ನಿಂತು ಹೇಳಲಿ. "ಮೇಲಿನ ಭಾಗ ಬೇರೆಯಾಗಿ ತೆರೆಯಬೇಕು" ಎಂಬುದನ್ನು ಕೊಟೇಶನ್ನಿನಲ್ಲೇ ಬರೆಸಿ. ಬಾಯಿಮಾತಿನಲ್ಲಿ ಬಿಟ್ಟರೆ ಅದು ಅಂಗಡಿ ತಲುಪುವಷ್ಟರಲ್ಲಿ ಮತ್ತೆ ಜಾರುವ ಕಿಟಕಿಯಾಗಿರುತ್ತದೆ.